ಎಡ ಹೆಗಲಿನ ಕರಪತ್ರ

ಕಳೆದ ತಿಂಗಳು ಗೆಳತಿಯ ಮಗಳ ನಿಶ್ಚಿತಾರ್ಥಕ್ಕೆಂದು ಷಿಕಾಗೋ ಬಳಿಯ ಗ್ಲೆಂಡೇಲ್ ಹೈಟ್ಸ್‌ನಿಂದ ಡೆಟ್ರಾಯಿಟ್ ಬಳಿಯ ನೋವೈಗೆ ಹೋಗಿದ್ದೆವು. ಹೂವು ಮರೆತಿದ್ದೆ. ಹಿಂದೆ ನಾವು ವಾರವಾರ ಹೋಗುತ್ತಿದ್ದ ಇಂಡಿಯನ್ ಅಂಗಡಿಯ ಮುಂದೆಯೇ ನನ್ನ ಗಂಡ ಗಿರೀಶ ಕಾರು ನಿಲ್ಲಿಸಿದ. ಒಳಗೆ ಕಾಲಿಟ್ಟರೆ ಕೌಂಟರಿನ ಬಳಿ ಅದೇ ವಾಸನೆ: ಕರಿಬೇವು, ಊದುಬತ್ತಿ, ಆಗತಾನೆ ಅಚ್ಚಾಗಿ ಬಂದ ಕಾಗದದ ಶಾಯಿ. ಯಾರದೋ ಸಂಗೀತ ಕಛೇರಿಯದು, ಯಾರದೋ ಮನೆ ಮಾರಾಟದ್ದು, ಕರಪತ್ರಗಳ ಕಂತೆಗಳು ಸಾಲಾಗಿದ್ದವು. ನನಗೆ ನಗು ಬಂದುಬಿಟ್ಟಿತು. ಗಿರೀಶ ನನ್ನ ಮುಖ ನೋಡಿ, "ಬೇಡ ವಿಶಾಲಾ, ಇಲ್ಲಿ ಬೇಡ," ಎಂದ. ನಾನು ಯಾವುದನ್ನು ನೆನೆದು ನಗುತ್ತೇನೆ ಎಂದು ಅವನಿಗೆ ಗೊತ್ತು. ಅವನಿಗೆ ಅದು ಇಷ್ಟವಿಲ್ಲ. ನನಗೆ ಮಾತ್ರ, ಮಗಳು ಹುಟ್ಟಿದ ದಿನವನ್ನು ಬಿಟ್ಟರೆ, ಅದಕ್ಕಿಂತ ಸಿಹಿಯಾದ ನೆನಪು ಇನ್ನೊಂದಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಆ ಚಳಿಗಾಲ ನಾನೂ ಮಗಳು ಮಾನ್ಯಾಳೂ ನೋವೈನ ಬಾಡಿಗೆ ಮನೆಯಲ್ಲಿ ಇಬ್ಬರೇ ಇದ್ದೆವು. ನನ್ನ ಕೆಲಸ ಡಿಯರ್‌ಬಾರ್ನ್‌ನಲ್ಲಿ. ಬೆಳಗ್ಗೆ ಕತ್ತಲಲ್ಲಿ ಹೊರಟು ಸಂಜೆ ಕತ್ತಲಲ್ಲಿ ಮರಳುವುದು. ಗಿರೀಶ ದಾವಣಗೆರೆಯಲ್ಲಿದ್ದ. ಹಿಂದಿನ ಏಪ್ರಿಲ್‌ನಲ್ಲಿ ತಂದೆ ತೀರಿಕೊಂಡರೆಂದು ಮೂರು ವಾರಕ್ಕೆ ಹೋದವನಿಗೆ ವಾಪಸು ಬರಲು ವೀಸಾ ಸಿಗಲಿಲ್ಲ. ಹಿಂದೊಮ್ಮೆ ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿದ್ದ ಎಂಬ ಕಾರಣಕ್ಕೆ ಅವನ ವೀಸಾ ಅದಾಗಲೇ ರದ್ದಾಗಿತ್ತು. ದೇಶದೊಳಗಿರುವವರೆಗೆ ಚಿಂತೆಯಿಲ್ಲ, ಹೊರಗೆ ಹೋದರೆ ಕಷ್ಟ ಎಂದು ಲಾಯರು ಎಚ್ಚರಿಸಿದ್ದರು. ಆದರೆ ಅಪ್ಪನಿಗೆ ಕೊಳ್ಳಿ ಇಡುವ ಮಗ ಲಾಯರ ಮಾತು ಕೇಳಿ ಕೂರುವುದುಂಟೆ? ಚಟ ಇಲ್ಲವೆಂದು ಡಾಕ್ಟರ ಮುಂದೆ ಸಾಬೀತಾಗಲಿ, ಒಂದು ವರ್ಷ ಬಿಟ್ಟು ಬನ್ನಿ ಎಂದರು ಕಾನ್ಸುಲೇಟಿನವರು. ಕಂಪನಿ ಕಾಯಲಿಲ್ಲ. ಅವನ ಕುರ್ಚಿಯಲ್ಲಿ ಬೇರೆಯವರು ಬಂದು ಕೂತರು.

ಆ ಕಾರನ್ನು ಗಿರೀಶ ಓಡಿಸಿಯೇ ಇರಲಿಲ್ಲ.

ನಡೆದದ್ದು ಇಷ್ಟು. ನೋವೈ ಸುತ್ತಿನ ಕೆಲವು ಕುಟುಂಬಗಳು ಸೇರಿ ಕಟ್ಟಿಕೊಂಡ ಚಿಕ್ಕದೊಂದು ಕನ್ನಡ ಬಳಗ ನಮ್ಮದು. ಬಳಗದ ಯಾವ ಕಾರ್ಯಕ್ರಮದಲ್ಲೂ ಮದ್ಯ ಕೂಡದು ಎಂಬುದು ಮೊದಲ ದಿನದಿಂದ ಇದ್ದ ನಿಯಮ. ನಿಯಮ ಒಳಗಿತ್ತು, ಬಾಟಲಿ ಹೊರಗಿತ್ತು. ನಾವು ಹೆಂಗಸರು ಒಳಗೆ ಕೋಸಂಬರಿ ಬಡಿಸುತ್ತಿದ್ದರೆ ಗಂಡಸರು ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನ ಡಿಕ್ಕಿ ತೆರೆದು, ಹಿಮದಲ್ಲಿ ಕಾಲು ಕುಟ್ಟುತ್ತ, ಪೇಪರ್ ಕಪ್‌ನಲ್ಲಿ ಗಟಗಟ ಕುಡಿದು ಏಲಕ್ಕಿ ಜಗಿಯುತ್ತ ಒಳಗೆ ಬರುತ್ತಿದ್ದರು. ಹಾಲ್ ಸಿಗುವುದಕ್ಕೆ ಕಾದು ಫೆಬ್ರವರಿಯಲ್ಲಿ ಸಂಕ್ರಾಂತಿ ಮಾಡುವ ಊರು ಅದು. ಅಂಥದೊಂದು ಸಂಕ್ರಾಂತಿಯ ರಾತ್ರಿ, ನಾನು ಮಾನ್ಯಾಳನ್ನು ಕರೆದುಕೊಂಡು ಮೊದಲೇ ಮನೆಗೆ ಹೋಗಿದ್ದೆ. ಗಿರೀಶ ತನ್ನ ಆಪ್ತ ಗೆಳೆಯ ಸುರೇಂದ್ರನ ಕಾರು ಹತ್ತಿದ. ಸುರೇಂದ್ರ ಮೈಸೂರಿನವನು, ನಮಗಿಂತ ಐದಾರು ವರ್ಷ ದೊಡ್ಡವನು, ಗಿರೀಶನ ಕಂಪನಿಯಲ್ಲೇ ಮ್ಯಾನೇಜರು. ಎಲ್ಲರ ಬಾಯಲ್ಲಿ ಸೂರಿ, ಮಕ್ಕಳ ಬಾಯಲ್ಲಿ ಸೂರಿ ಅಂಕಲ್. ವಯಸ್ಸಿಗೆ ಗೌರವ ಕೊಟ್ಟು "ಅವರು" ಎಂದು ಬರೆಯಬೇಕು, ನನ್ನ ಕೈ ಬರುವುದಿಲ್ಲ.

ಓಡಿಸುತ್ತಿದ್ದವನು ಸೂರಿ. ತಿರುವಿನಲ್ಲಿ ಕಾರು ಜಾರಿ ಹಳ್ಳಕ್ಕೆ ಇಳಿದು ಮರಕ್ಕೆ ಗುದ್ದಿತು. ದೂರದಲ್ಲಿ ಪೊಲೀಸ್ ದೀಪ ಕಾಣಿಸುವಷ್ಟರಲ್ಲಿ ಸೂರಿ ಗಿರೀಶನ ಕೈ ಹಿಡಿದು ಅತ್ತನಂತೆ. "ಗಿರಿ, ಮುಂದಿನ ವಾರ ನನ್ನ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಕಣೋ. ನೀನು ಸ್ವಲ್ಪ ತಾನೇ ತಗೊಂಡಿರೋದು, ನಿಂಗೇನೂ ಆಗಲ್ಲ. ಈ ಕಡೆ ಬಂದು ಕೂತ್ಕೊಳೋ. ನಾನಿದೀನಿ." ಗಿರೀಶ ಬಂದು ಕೂತ. ಅವನು ಕುಡಿದದ್ದೂ ಅಷ್ಟೇನೂ ಸ್ವಲ್ಪವಿರಲಿಲ್ಲ. ಊದಿಸುವ ಯಂತ್ರಕ್ಕೆ ಗೆಳೆತನ ಗೊತ್ತಾಗುವುದಿಲ್ಲ.

ಸೂರಿಗೆ ಗ್ರೀನ್ ಕಾರ್ಡ್ ಬಂತು. ಆಮೇಲೆ ಅವನು ಊರೆಲ್ಲ ಒಂದು ಕತೆ ಹೇಳಿಕೊಂಡು ಬಂದ: "ನಾನು ಕುಡಿದಿದ್ದೆ, ಅದಕ್ಕೇ ಜವಾಬ್ದಾರಿಯಿಂದ ಕೀ ಗಿರಿಗೆ ಕೊಟ್ಟೆ. ಪಾಪ, ಅವನೂ ತಗೊಂಡಿದ್ದ, ನನಗೆ ಹೇಳ್ಲಿಲ್ಲ." ಇದರಲ್ಲಿ ಅವನು ಸಭ್ಯ, ನನ್ನ ಗಂಡ ಕಳ್ಳಕುಡುಕ. ಗಿರೀಶ ಬಾಯಿ ಬಿಡಲಿಲ್ಲ. ಬಿಟ್ಟರೆ ಪೊಲೀಸರಿಗೆ ಸುಳ್ಳು ಹೇಳಿದ್ದು ಹೊರಬೀಳುತ್ತದೆ. "ಹೋಗ್ಲಿ ಬಿಡು, ಜನ ಮರೀತಾರೆ," ಎನ್ನುತ್ತಿದ್ದ. ಜನ ಮರೆಯಲಿಲ್ಲ. ಪೂಜೆಗಳಿಗೆ ಕರೆಯುವುದು ಕಡಿಮೆಯಾಯಿತು. ಕರೆದವರ ಮನೆಯಲ್ಲಿ ಗಿರೀಶ ಎರಡನೇ ಸಲ ಮಜ್ಜಿಗೆ ಕೇಳಿದರೂ ಯಾರಾದರೊಬ್ಬರು ಲೋಟದ ಕಡೆ ನೋಡುತ್ತಿದ್ದರು.

ಅವನು ದಾವಣಗೆರೆಯಲ್ಲಿ ಸಿಕ್ಕಿಬಿದ್ದ ಆ ಚಳಿಗಾಲದಲ್ಲಿ ಶನಿವಾರಗಳನ್ನು ಕಳೆಯುವುದೇ ಕಷ್ಟವಾಗಿತ್ತು. ಮಾನ್ಯಾಳನ್ನು ಭರತನಾಟ್ಯದ ಕ್ಲಾಸಿಗೆ ಬಿಟ್ಟರೆ ಅವಳು ಹೊರಬರುವವರೆಗೆ ನನಗೆ ಮಾಡಲು ಏನೂ ಇರಲಿಲ್ಲ. ಅಲ್ಲೇ ಪಕ್ಕದಲ್ಲಿ, ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ, ಆ ಪುಟ್ಟ ಊರಿನ ಮ್ಯೂಸಿಯಂ ಇತ್ತು. ಚಳಿ ತಡೆಯದೆ ಒಮ್ಮೆ ಒಳಗೆ ಹೋದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಡೋರಿಸ್ ಎಂಬ ನಿವೃತ್ತ ಶಾಲಾ ಶಿಕ್ಷಕಿ. ಎಪ್ಪತ್ತು ದಾಟಿತ್ತು, ಕೈ ನಡುಗುತ್ತಿತ್ತು. "ನಿನಗೆ ಸ್ಕ್ಯಾನರ್ ಉಪಯೋಗಿಸಲು ಬರುತ್ತದೆಯೆ?" ಎಂದು ಕೇಳಿದರು. ಬರುತ್ತದೆ ಎಂದೆ. ಕೋಟು ಬಿಚ್ಚುವ ಮೊದಲೇ ನನ್ನ ಮುಂದೆ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿತು.

ಯಾರದೋ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ ಪೆಟ್ಟಿಗೆ. ಅಜ್ಜ-ಮುತ್ತಜ್ಜರ ಕಾಲದಲ್ಲಿ ಈ ದೇಶದಲ್ಲೂ ಪಾನನಿಷೇಧ ಇತ್ತಂತೆ, ಆಮೇಲೆ ಅದನ್ನು ರದ್ದು ಮಾಡಿಸಲು ದೊಡ್ಡ ಚಳವಳಿ ನಡೆಯಿತಂತೆ. ಅಷ್ಟು ನನಗೆ ಗೊತ್ತಿತ್ತು. ಆ ಚಳವಳಿ ಕಾಗದದ ಮೇಲೆ ನಡೆಯಿತು ಎಂದು ಗೊತ್ತಿರಲಿಲ್ಲ. ಕಾರಿನ ಗಾಜಿಗೆ ಅಂಟಿಸುವ ಚೀಟಿಗಳು, ಬೆಂಕಿಪೊಟ್ಟಣದ ಹೊದಿಕೆಗಳು, ಅಂಗಿಗೆ ಚುಚ್ಚುವ ಬಿಲ್ಲೆಗಳು, ಪೋಸ್ಟ್‌ಕಾರ್ಡುಗಳು, ಅಂಗೈಯಗಲದ ಕರಪತ್ರಗಳು. ಕೆಂಪು ನೀಲಿ ಬಣ್ಣ ಇನ್ನೂ ಮಾಸಿರಲಿಲ್ಲ. ಡೆಟ್ರಾಯಿಟ್ ನದಿಯ ಆಚೆ ದಡ ಕೆನಡಾ. ರಾತ್ರಿ ದೋಣಿಯಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಕಾರಿನಲ್ಲೇ, ಸಾರಾಯಿ ಬರುತ್ತಿತ್ತು ಎಂದು ಡೋರಿಸ್ ಹೇಳಿದರು. ನಿಷೇಧ ಇದ್ದಷ್ಟು ದಿನ ಕಳ್ಳತನ ಹೆಚ್ಚಿತು, ಕಾನೂನಿನ ಮೇಲೆ ಗೌರವ ಹೋಯಿತು, ಕುಡಿಯುವವರು ಬಚ್ಚಿಟ್ಟು ಕುಡಿದರು. ಆ ಕಾಗದಗಳೆಲ್ಲ ಹೇಳುತ್ತಿದ್ದುದು ಇದನ್ನೇ.

ನನಗೆ ಬೆರಗಾದದ್ದು ಅದರಲ್ಲಿದ್ದ ಹೆಂಗಸರ ಚಿತ್ರ. ಒಂದು ಕರಪತ್ರದಲ್ಲಿ ತಾಯಿ ಮಗುವನ್ನು ತಬ್ಬಿಕೊಂಡು ನಿಂತಿದ್ದಾಳೆ, ಮಕ್ಕಳ ಸಲುವಾಗಿ ನಿಷೇಧ ತೆಗೆಯಿರಿ ಎನ್ನುತ್ತಿದ್ದಾಳೆ. ನಮ್ಮ ಕಡೆ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಲು ಪೊರಕೆ ಹಿಡಿದು ಹೋದದ್ದನ್ನು ಕೇಳಿದವಳು ನಾನು. ಇದು ತಲೆಕೆಳಗಾಗಿ ಕಂಡಿತು. ಡೋರಿಸ್ ನಕ್ಕು, "ನಮ್ಮ ಅಜ್ಜಿ ಮೊದಲು ನಿಷೇಧ ಬೇಕೆಂದು ಮೆರವಣಿಗೆ ಹೋದವಳು. ಆಮೇಲೆ ಬೇಡವೆಂದು ಇದೇ ಕಾಗದ ಹಂಚಿದವಳು. ಮನಸ್ಸು ಬದಲಾಯಿಸಲು ದೊಡ್ಡ ಪುಸ್ತಕ ಬೇಕಿಲ್ಲ, ಮಗೂ. ಒಂದು ಕಾಗದ, ಒಂದು ಮಾತು," ಎಂದರು.

ಜನವರಿಯಲ್ಲಿ ಅವನ್ನೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿ ಪ್ರದರ್ಶನ ಮಾಡಿದೆವು. ನಾನು ಅದರ ಫೋಟೋಗಳನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮುಂದಿನ ಶನಿವಾರ ಸೂರಿಯೇ ಬಂದು ನಿಂತ.

ಅವನು ಬಳಗದ ಅಧ್ಯಕ್ಷಗಿರಿಗೆ ನಿಂತಿದ್ದ. ಅವನ ಮುಖ್ಯ ಭರವಸೆಯೆಂದರೆ ಬಳಗದ ಮದ್ಯ ನಿಷೇಧವನ್ನು ತೆಗೆಸುವುದು, ದೀಪಾವಳಿ ಔತಣವನ್ನು ಬ್ಯಾಂಕ್ವೆಟ್ ಹಾಲ್‌ನಲ್ಲಿ ಮಾಡಿ ಅಲ್ಲಿ ಬಾರ್ ಇಡುವುದು. ಗಾಜಿನ ಪೆಟ್ಟಿಗೆಗಳ ಮೇಲೆ ಬಗ್ಗಿ ಬಗ್ಗಿ ನೋಡಿದ. "ವಿಶಾಲಾ, ಏನ್ ಐಡಿಯಾ ರೀ ಇದು! ಬಳಗದ ಇನ್ವಿಟೇಷನ್ ಎಲ್ಲ ನೀವೇ ಮಾಡೋದಲ್ವಾ, ನಮಗೂ ಇಂಥದೇ ಒಂದು ಕಾರ್ಡ್ ಡಿಸೈನ್ ಮಾಡಿಕೊಡಿ. ಈ ತಾಯಿ-ಮಗು ಸ್ಟೈಲ್‌ನಲ್ಲೇ. ಹಿಂದುಗಡೆ ಖಾಲಿ ಬಿಡಿ, ಪಾಯಿಂಟ್ಸ್ ನಾನು ಹಾಕ್ಕೋತೀನಿ." ಆಮೇಲೆ ದನಿ ತಗ್ಗಿಸಿದ. "ಗಿರಿ ವಿಷಯ ನಮ್ಮ ಡೈರೆಕ್ಟರ್ ಹತ್ರ ಮಾತಾಡಿದೀನಿ. ವೀಸಾ ಆದ ತಕ್ಷಣ ಒಂದು ಪೊಸಿಷನ್ ಮಾಡೋಣ."

ಆ ಮಾತಿಗಾಗಿ ಮಾಡಿಕೊಟ್ಟೆ. ಗಂಡನಿಗೆ ಕೆಲಸ ಸಿಗುವುದಾದರೆ ಆ ಮನುಷ್ಯನ ಕಾರು ಬೇಕಾದರೂ ತೊಳೆಯುತ್ತಿದ್ದೆ. ಇನ್ನೊಂದು ಮಾತನ್ನೂ ಹೇಳಬೇಕು: ಅವನ ವಾದ ಸರಿಯಾಗಿತ್ತು. ಡಿಕ್ಕಿಯ ಕಳ್ಳಕುಡಿತ ನಿಂತು, ಒಳಗೆ ಕೂತು ಊಟದ ಜೊತೆ ಕುಡಿದು, ಮನೆಗೆ ಬಾಡಿಗೆ ಕಾರಿನಲ್ಲಿ ಹೋಗುವಂತಿದ್ದರೆ ಆ ರಾತ್ರಿ ಆ ಹಳ್ಳಕ್ಕೆ ಯಾರೂ ಬೀಳುತ್ತಿರಲಿಲ್ಲ. ಸೀರೆಯುಟ್ಟ ತಾಯಿ, ಕೈಯಲ್ಲಿ ಮಗು, ಹಿಂದೆ ಹಿಮದಲ್ಲಿ ಸಾಲು ಕಾರುಗಳು. ಎರಡು ಸಂಜೆ ಕೂತು ಚೆನ್ನಾಗಿಯೇ ಮಾಡಿದೆ.

ಅಚ್ಚಾದದ್ದನ್ನು ನಾನು ಮೊದಲು ನೋಡಿದ್ದು ಆ ಅಂಗಡಿಯ ಕೌಂಟರಿನಲ್ಲಿ. ಕರಿಬೇವಿನ ಬುಟ್ಟಿಯ ಪಕ್ಕ ಕಂತೆ ಇತ್ತು. ನಾನು ತರಕಾರಿ ತೂಗಿಸುತ್ತಿದ್ದೆ. ಮಾನ್ಯಾ ಒಂದನ್ನು ಎತ್ತಿಕೊಂಡಳು. ಹತ್ತು ವರ್ಷದ ಹುಡುಗಿ, ಕನ್ನಡ ಓದಲು ಬಾರದು. ಹಿಂಬದಿಯಲ್ಲಿ ಇಂಗ್ಲಿಷ್ ಇತ್ತು. ಓದುತ್ತ ಓದುತ್ತ ಅವಳ ಮುಖ ಬಿಳಿಚಿಕೊಂಡಿತು.

"ಅಮ್ಮಾ, ಈಸ್ ದಿಸ್ ಅಬೌಟ್ ಅಪ್ಪಾ?"

ಕಸಿದುಕೊಂಡು ಓದಿದೆ. 'ನಮ್ಮ ಪ್ರೀತಿಯ ಗೆಳೆಯ ಗಿರೀಶನ ಕತೆ' ಎಂಬ ತಲೆಬರಹ. ಆ ಸಂಕ್ರಾಂತಿಯ ರಾತ್ರಿ ಪಾರ್ಕಿಂಗ್ ಲಾಟ್‌ನಲ್ಲಿ ಬಚ್ಚಿಟ್ಟು ಕುಡಿದದ್ದು, ತಾನು ನಂಬಿ ಕೀ ಕೊಟ್ಟದ್ದು, ಗೆಳೆಯ ನಿಜ ಹೇಳದೆ ಕಾರು ಓಡಿಸಿದ್ದು, ಈಗ ಹೆಂಡತಿ ಮಗಳಿಂದ ದೂರವಾಗಿರುವುದು. 'ಇನ್ನೊಂದು ಕುಟುಂಬಕ್ಕೆ ಹೀಗಾಗದಿರಲಿ.' ಕೆಳಗೆ ಸುರೇಂದ್ರನ ಹೆಸರು. ಇನ್ನೊಂದು ಬದಿಯಲ್ಲಿ ನಾನು ಬರೆದ ತಾಯಿ, ನಾನು ಬರೆದ ಮಗು. ಮೊದಲು ಬಾಯಿಮಾತಿನ ಸುಳ್ಳಾಗಿತ್ತು. ಈಗ ನನ್ನ ಕೈಯಿಂದಲೇ ಚಿತ್ರ ಬರೆಸಿ ಅಚ್ಚು ಹಾಕಿಸಿದ್ದ. ಕೌಂಟರಿನಲ್ಲಿದ್ದ ಅಷ್ಟನ್ನೂ ಚೀಲಕ್ಕೆ ತುರುಕಿಕೊಂಡು ಹೊರಗೆ ಬಂದೆ.

ಮನೆಗೆ ಬಂದು ಸೂರಿಗೆ ಫೋನ್ ಮಾಡಿದೆ.

"ಸಿಂಪತಿಗೋಸ್ಕರ ಹಾಕಿದ್ದು ರೀ," ಎಂದ. "ಎಲ್ಲರೂ ಗಿರಿ ಬಗ್ಗೆ ಪಾಪ ಅಂತಿದಾರೆ. ಒಳ್ಳೇದೇ ಆಯ್ತಲ್ಲ."

"ಕಾರು ಓಡಿಸ್ತಿದ್ದಿದ್ದು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಅವನು ತೀರ ಮೃದುವಾಗಿ ಹೇಳಿದ. "ಪೊಲೀಸ್ ರಿಪೋರ್ಟ್‌ನಲ್ಲಿ ಯಾರ ಹೆಸರಿದೆ ಅನ್ನೋದು ಎಲ್ಲರಿಗೂ ಗೊತ್ತು, ವಿಶಾಲಾ. ಬೇರೆ ಏನಾದ್ರೂ ಹೇಳೋಕೆ ಹೋದ್ರೆ ಗಿರಿಗೇ ತೊಂದರೆ. ವೀಸಾ ಟೈಮು. ಯೋಚನೆ ಮಾಡಿ."

ಯೋಚನೆ ಮಾಡಿದೆ. ಆ ವಾರ ಬೇರೇನನ್ನೂ ಮಾಡಲಿಲ್ಲ. ಡಿಯರ್‌ಬಾರ್ನ್‌ಗೆ ಹೋಗುವಾಗ ಹೆದ್ದಾರಿಯ ಎಕ್ಸಿಟ್ ತಪ್ಪಿಸಿಕೊಂಡೆ, ಅನ್ನ ಸೀಯಿಸಿದೆ, ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂತು. ಅವನನ್ನು ಸಾವಿರ ರೀತಿಯಲ್ಲಿ ಅವಮಾನಿಸುವ ಮಾತುಗಳನ್ನು ಸ್ನಾನ ಮಾಡುತ್ತ, ಹಿಮ ಗೋರುತ್ತ ಹೇಳಿಕೊಂಡೆ. ಒಂದನ್ನೂ ಹೊರಗೆ ಹೇಳುವಂತಿರಲಿಲ್ಲ. ನಾನು ಬಾಯಿ ತೆರೆದರೆ ಗಿರೀಶನ ಕುತ್ತಿಗೆಗೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನ ಧೈರ್ಯವೆಲ್ಲ ಅದೇ.

ಬಳಗದ ಸರ್ವಸದಸ್ಯರ ಸಭೆ ಮಾರ್ಚ್‌ನಲ್ಲಿತ್ತು. ಅದರ ಆಹ್ವಾನ ಮಾಡಲು ಹಳೆಯ ಫೋಟೋ ಬೇಕೆಂದು ಬಳಗದ ಆಲ್ಬಂ ತೆರೆದು ಕೂತಿದ್ದೆ. ಆ ಅಪಘಾತವಾದ ವರ್ಷದ ಯುಗಾದಿ ಕಾರ್ಯಕ್ರಮದ ಫೋಟೋಗಳು ಬಂದವು. ಒಂದರಲ್ಲಿ ಸೂರಿ ರೇಷ್ಮೆ ಜುಬ್ಬಾ ಹಾಕಿ ಮೈಕ್ ಮುಂದೆ ಹಲ್ಲು ಬಿಟ್ಟು ನಿಂತಿದ್ದಾನೆ. ಎಡಗೈ ಕುತ್ತಿಗೆಯಿಂದ ನೇತುಬಿದ್ದ ನೀಲಿ ಪಟ್ಟಿಯಲ್ಲಿದೆ. ಅಪಘಾತದಲ್ಲಿ ಬೆಲ್ಟ್ ಬಿಗಿದು ಹೆಗಲ ಮೂಳೆ ಮುರಿಯಿತೆಂದು ಅವನೇ ಎಲ್ಲರಿಗೂ ಹೇಳಿಕೊಂಡಿದ್ದ, ಆ ಪಟ್ಟಿ. ಆ ರಾತ್ರಿ ಜಾಕೆಟ್ಟಿನೊಳಗೆ ನೋವು ನುಂಗಿಕೊಂಡು ಪೊಲೀಸರಿಗೆ ಏನೂ ಆಗಿಲ್ಲ ಎಂದಿದ್ದನಂತೆ. ಮರುದಿನ ಡಾಕ್ಟರ ಬಳಿ ಹೋಗಿದ್ದ.

ಫೋಟೋ ನೋಡುತ್ತಿದ್ದವಳಿಗೆ ಗಿರೀಶನ ಮೈ ನೆನಪಾಯಿತು. ಠಾಣೆಯಿಂದ ಬಿಡಿಸಿಕೊಂಡು ಬಂದ ಬೆಳಗ್ಗೆ ಅಂಗಿ ಬಿಚ್ಚಿದಾಗ ಅವನ ಎದೆಯ ಮೇಲೆ ಬೆಲ್ಟಿನ ನೀಲಿಗಟ್ಟಿದ ಬರೆ ಇತ್ತು. ನಾನೇ ಬಿಸಿನೀರಿನ ಶಾಖ ಕೊಟ್ಟಿದ್ದೆ. ಬಲ ಹೆಗಲಿಂದ ಎಡ ಸೊಂಟಕ್ಕೆ.

ಎದ್ದು ಗ್ಯಾರೇಜಿಗೆ ಹೋದೆ. ಈ ದೇಶದ ಕಾರುಗಳಲ್ಲಿ ಸ್ಟೀರಿಂಗ್ ಇರುವುದು ಎಡಗಡೆ; ಅದರ ಮುಂದೆ ಕೂತು ಬೆಲ್ಟ್ ಎಳೆದುಕೊಂಡೆ. ಅದು ಎಡ ಹೆಗಲ ಮೇಲಿಂದ ಬಂತು. ಇಳಿದು ಪಕ್ಕದ ಸೀಟಿಗೆ ಹೋಗಿ ಕೂತು ಎಳೆದುಕೊಂಡೆ. ಬಲ ಹೆಗಲ ಮೇಲಿಂದ ಬಂತು. ಆ ತಣ್ಣನೆಯ ಗ್ಯಾರೇಜಿನಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ. ಈ ಊರಿನಲ್ಲಿ ಯಾವ ಕನ್ನಡಿಗರ ಮನೆಯ ಬಾಗಿಲು ತಟ್ಟಿದರೂ ಕಾರು ಮಾಡುವ ಎಂಜಿನಿಯರ್ ಬಾಗಿಲು ತೆಗೆಯುತ್ತಾನೆ. ಸೂರಿ ತನ್ನ ಸುಳ್ಳನ್ನು ಅಂಥವರ ನಡುವೆ, ಮುರಿದ ಎಡ ಹೆಗಲು ತೋರಿಸಿಕೊಂಡು, ಮೈಕ್ ಹಿಡಿದು ತಿರುಗಿದ್ದ!

ನನ್ನ ಮೊದಲ ಕರಪತ್ರ ಉದ್ದವಾಗಿತ್ತು. ದ್ರೋಹ, ವಿಶ್ವಾಸಘಾತ, ಉಪ್ಪು ತಿಂದವನು ನೀರು ಕುಡಿಯಲೇಬೇಕು, ಎಲ್ಲ ಬರೆದಿದ್ದೆ. ಶನಿವಾರ ಮ್ಯೂಸಿಯಂನಲ್ಲಿ ಡೋರಿಸ್ ಅದನ್ನು ಕೈಚಾಚಿ ದೂರ ಹಿಡಿದು ನೋಡಿದರು.

"ನನಗೆ ಇದನ್ನು ಓದಲು ಬರುವುದಿಲ್ಲ," ಎಂದರು. "ಆದರೆ ಓದಲು ಬರುವವರೂ ಇದನ್ನು ಓದುವುದಿಲ್ಲ. ಯಾರ ಮೇಲೆ ಇಷ್ಟು ಕೋಪ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಕ್ಷಮಿಸು ಎನ್ನಲಿಲ್ಲ. ಅದಕ್ಕೇ ಅವರು ನನಗೆ ಇಷ್ಟ. ಗಾಜಿನ ಪೆಟ್ಟಿಗೆ ತೆರೆದು ಒಂದು ಹಳೆಯ ಕಾರ್ಡನ್ನು ಹೊರತೆಗೆದು ನನ್ನ ಮುಂದಿಟ್ಟರು. ಒಂದು ಚಿತ್ರ, ಕೆಳಗೆ ಒಂದೇ ಪ್ರಶ್ನೆ. "ಉತ್ತರವನ್ನು ನೀನು ಕೊಟ್ಟರೆ ಅವರು ನಿನ್ನ ಜೊತೆ ಜಗಳವಾಡುತ್ತಾರೆ. ಅವರೇ ಕಂಡುಕೊಂಡರೆ ಯಾರ ಜೊತೆ ಆಡುತ್ತಾರೆ?"

ಎಲ್ಲ ಹೊಡೆದುಹಾಕಿದೆ. ಸೂರಿಯ ಕಾರ್ಡಿನ ಅಳತೆಯೇ, ಅದೇ ದಪ್ಪ ಕಾಗದ, ಅದೇ ಕೆಂಪು ನೀಲಿ. ಒಂದು ಬದಿಯಲ್ಲಿ ಯುಗಾದಿಯ ಫೋಟೋ. ಅದರ ಕೆಳಗೆ: 'ಮುರಿದದ್ದು ಎಡ ಹೆಗಲು. ಕಾರಿನ ಯಾವ ಸೀಟಿನ ಬೆಲ್ಟ್ ಎಡ ಹೆಗಲ ಮೇಲೆ ಬರುತ್ತದೆ?' ಅಷ್ಟೇ. ಗಿರೀಶನ ಹೆಸರಿಲ್ಲ, ಅಪಘಾತದ ಮಾತಿಲ್ಲ, ಆರೋಪವಿಲ್ಲ.

ಸಭೆ ಒಂದು ಶಾಲೆಯ ಕೆಫೆಟೇರಿಯಾದಲ್ಲಿ, ಭಾನುವಾರ ಮಧ್ಯಾಹ್ನ. ಹೊರಗೆ ಹಿಮ ಕರಗಿ ಎಲ್ಲೆಲ್ಲೂ ಕೆಸರು. ಸೂರಿ ಬಾಗಿಲಲ್ಲೇ ತನ್ನ ಕಾರ್ಡುಗಳ ಪೊಟ್ಟಣ ಕೊಟ್ಟು, "ವಿಶಾಲಾ, ನೀವೇ ಎಲ್ಲಾ ಚೇರ್ ಮೇಲೂ ಒಂದೊಂದು ಇಟ್ಬಿಡಿ," ಎಂದ. ನಾನು ಹೆದರಿ ತಣ್ಣಗಾದೆ ಎಂದುಕೊಂಡಿದ್ದನೇನೋ. ಇಟ್ಟೆ. ಪ್ರತಿಯೊಂದರ ಮೇಲೂ ನನ್ನದೊಂದನ್ನು ಇಟ್ಟೆ.

ಜನ ಬಂದು, ಎತ್ತಿಕೊಂಡು, ಕೂತರು. ಮೊದಲು ಗೌಜಿತ್ತು. ನಿಧಾನವಾಗಿ ಅದು ಇಳಿಯಿತು. ನಾನು ಹಿಂದಿನ ಗೋಡೆಗೆ ಒರಗಿ ನೋಡುತ್ತಿದ್ದೆ. ಮುಂದಿನಿಂದ ಮೂರನೆಯ ಸಾಲಿನಲ್ಲಿ ಒಬ್ಬ ಬಲಗೈಯನ್ನು ಎಡ ಹೆಗಲ ಮೇಲೆ ಒಯ್ದು, ಇಲ್ಲದ ಬೆಲ್ಟನ್ನು ಸೊಂಟದವರೆಗೆ ಎಳೆದು ನೋಡಿಕೊಂಡ. ಪಕ್ಕದವನು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಎಳೆದು ನೋಡಿದ. ಆಮೇಲೆ ಹಾಲ್ ತುಂಬ ಅದೇ. ಗಂಡಸರು, ಹೆಂಗಸರು, ಮುದುಕರು, ಕೂತಲ್ಲೇ ಕಣ್ಣು ಅರೆಮುಚ್ಚಿ ಬೆಲ್ಟ್ ಹಾಕಿಕೊಳ್ಳುತ್ತಿದ್ದರು. ಅದರಷ್ಟು ಚಂದದ ನೃತ್ಯವನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ.

ಸೂರಿ ವೇದಿಕೆಯ ಮೇಲೆ ತನ್ನ ಭಾಷಣದ ಹಾಳೆ ಜೋಡಿಸುತ್ತಿದ್ದ. ಯಾರೋ ಕಾರ್ಡನ್ನು ಅವನಿಗೂ ಕೊಟ್ಟರು. ನೋಡಿದ. ಕಿವಿ ಕೆಂಪಾಯಿತು.

"ಇದು... ಇದು ಪರ್ಸನಲ್ ಅಟ್ಯಾಕ್," ಎಂದ ಮೈಕಿನಲ್ಲಿ. "ಯಾರು ಮಾಡಿದ್ದು ಇದನ್ನ?"

"ನಾನು," ಎಂದೆ ಹಿಂದಿನಿಂದ. "ಪ್ರಶ್ನೆ ಅಷ್ಟೇ. ಅಟ್ಯಾಕ್ ಎಲ್ಲಿದೆ?"

ಮುಂದಿನ ಸಾಲಿನಿಂದ ಪಾಟೀಲ ಡಾಕ್ಟರ್ ಎದ್ದರು. ಧಾರವಾಡದ ಕಡೆಯವರು, ವಯಸ್ಸಾದವರು, ಬಳಗದಲ್ಲಿ ಎಲ್ಲರೂ ಅವರ ಮಾತು ಕೇಳುತ್ತಿದ್ದರು. ಕನ್ನಡಕ ಹಣೆಗೇರಿಸಿ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು.

"ಸುರೇಂದ್ರಪ್ಪಾ, ಸಿಟ್ಟಿಗೇಳಬ್ಯಾಡ. ನನಗೂ ಗೊತ್ತಾಗವಲ್ದು, ಅದಕ್ಕ ಕೇಳ್ತೀನಿ. ಆವತ್ತು ನಿಂದ ಯಾವ ಹೆಗಲು ಮುರದಿತ್ತು?"

ಸೂರಿ ಬಾಯಿ ತೆರೆದ. ಮಾತು ಬರುವ ಮೊದಲೇ ಅವನ ಬಲಗೈ ತಾನಾಗಿ ಮೇಲೆದ್ದು ಎಡ ಹೆಗಲನ್ನು ಮುಟ್ಟಿತು.

ಹಿಂದಿನಿಂದ ಯಾವುದೋ ಹೆಂಗಸಿನ ದನಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದಿತು. ಆ ನಗು! ಹಾಲ್ ಛಾವಣಿಗೆ ಬಡಿದು ಬಂದ ಆ ನಗುವನ್ನು ನಾನು ಈಗಲೂ ನಿದ್ದೆ ಬಾರದ ದಿನ ಕೇಳಿಸಿಕೊಳ್ಳುತ್ತೇನೆ. ಸೂರಿ ಹೆಗಲ ಮೇಲಿನ ಕೈ ತೆಗೆಯುವುದನ್ನೇ ಮರೆತು ನಿಂತಿದ್ದ. ನಗದೆ ಕೂತಿದ್ದವಳು ಅವನ ಹೆಂಡತಿ ಶೈಲಾ ಒಬ್ಬಳೇ. ಮುಂದಿನ ಸಾಲಿನಲ್ಲಿ ಅವಳು ಬಹಳ ನಿಧಾನವಾಗಿ, ಎಲ್ಲರೂ ಮುಗಿಸಿದ ಮೇಲೆ, ತನ್ನ ಎಡ ಹೆಗಲಿಂದ ಕೈಯನ್ನು ಸೊಂಟಕ್ಕೆ ಎಳೆದುಕೊಂಡಳು.

ಅವನು ಭಾಷಣ ಮಾಡಲಿಲ್ಲ. ಇಳಿದು ನನ್ನ ಪಕ್ಕದಲ್ಲೇ ಹಾದು ಬಾಗಿಲಿಗೆ ಹೋಗುವಾಗ, "ಗಿರಿ ಕೆಲಸದ ವಿಷಯ ಇನ್ನು ನನ್ನ ಹತ್ರ ಎತ್ಬೇಡಿ," ಎಂದ. "ಎತ್ತಲ್ಲ," ಎಂದೆ. ಅಧ್ಯಕ್ಷರಾಗಿ ಬೇರೆಯವರು ಆಯ್ಕೆಯಾದರು. ಅವನ ಪ್ರಸ್ತಾಪ ಮಾತ್ರ ಮತಕ್ಕೆ ಬಂತು: ಮದ್ಯ ನಿಷೇಧ ತೆಗೆಯಬೇಕೆ? ಕೈ ಎತ್ತಿ ಎಂದರು. ನಾನು ಎತ್ತಿದೆ. ಹಲವರು ತಿರುಗಿ ನೋಡಿದರು. ವಾದ ಸರಿಯಿತ್ತು, ವಾದಿಸಿದವನು ಕಳ್ಳನಾಗಿದ್ದ, ಅಷ್ಟೇ. ನಿಷೇಧ ಹೋಯಿತು.

ಸುದ್ದಿ ನನಗಿಂತ ಮೊದಲು ದಾವಣಗೆರೆ ಮುಟ್ಟಿತ್ತು. ಗಿರೀಶ ಫೋನಿನಲ್ಲಿ ಕೂಗಾಡಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು! ಪೊಲೀಸಿಗೆ ಸುಳ್ಳು ಹೇಳಿರೋನು ನಾನು. ನಾಳೆ ಏನಾದ್ರೂ ಆದ್ರೆ?"

"ಸೀಟ್ ಬದಲಾಯಿಸುವಾಗ ನೀನು ನನ್ನನ್ನ ಕೇಳಿದ್ಯಾ?"

ಹಿಂದೆ ಅತ್ತೆ ಯಾರನ್ನೋ ಊಟಕ್ಕೆ ಕರೆಯುತ್ತಿದ್ದುದು ಕೇಳಿಸುತ್ತಿತ್ತು. ಕೊನೆಗೆ, "ಮಾನ್ಯಾಗೆ ಗೊತ್ತಾ?" ಎಂದ.

"ನಾನೇ ಹೇಳಿದೆ. ಗ್ಯಾರೇಜಿಗೆ ಕರ್ಕೊಂಡು ಹೋಗಿ, ಎರಡೂ ಸೀಟ್‌ನಲ್ಲಿ ಕೂರಿಸಿ ತೋರಿಸಿದೆ."

"ಏನಂದ್ಳು?"

"ಫೋನ್ ಅವಳಿಗೆ ಕೊಡ್ತೀನಿ, ನೀನೇ ಕೇಳು."

ಅಪ್ಪ ಮಗಳು ಎಷ್ಟೋ ಹೊತ್ತು ಮಾತಾಡಿದರು. ನಾನು ಅಡಿಗೆಮನೆಗೆ ಹೋದೆ, ಕೇಳಿಸಿಕೊಳ್ಳಲಿಲ್ಲ. ಅವಳು ಬಂದು ಫೋನ್ ಕೊಡುವಾಗ ಕಣ್ಣು ಊದಿತ್ತು, ಮುಖದಲ್ಲಿ ನಗುವಿತ್ತು.

ಏನೂ ಆಗಲಿಲ್ಲ. ಪೊಲೀಸರಿಗೆ ಹೇಳುವವರು ಯಾರು? ಸೂರಿಯೇ ಹೇಳಬೇಕು. ಮೇ ತಿಂಗಳಲ್ಲಿ ಗಿರೀಶನಿಗೆ ವೀಸಾ ಸಿಕ್ಕಿತು. ಬಳಗದವನೇ ಒಬ್ಬ, ಆ ದಿನ ಮೂರನೆಯ ಸಾಲಿನಲ್ಲಿ ಮೊದಲು ಬೆಲ್ಟ್ ಎಳೆದು ನೋಡಿದ್ದವನು, ಷಿಕಾಗೋ ಕಡೆಯ ತನ್ನ ಹಳೆಯ ಕಂಪನಿಗೆ ಗಿರೀಶನ ಹೆಸರು ಹೇಳಿದ. ಅಲ್ಲಿ ಕೆಲಸ ಆಯಿತು. ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಗಿರೀಶ ನನ್ನನ್ನು ತಬ್ಬಿಕೊಂಡು, "ಇನ್ನೂ ಕೋಪ ಇದೆ ನಂಗೆ," ಎಂದ. "ಇರ್ಲಿ," ಎಂದೆ. "ನನಗೆ ನಿನ್ನ ಮೇಲೆ ಅದಕ್ಕಿಂತ ಜಾಸ್ತಿ ಇದೆ." ಅದರಲ್ಲಿ ಸ್ವಲ್ಪ ಇವತ್ತಿಗೂ ಇದೆ.

ಜೂನ್‌ನಲ್ಲಿ ಮನೆ ಖಾಲಿ ಮಾಡುವಾಗ ಒಂದು ಮಧ್ಯಾಹ್ನ ಶೈಲಾ ಬಂದಳು. ಸಭೆಯಾದ ಮೇಲೆ ನಾನು ಅವಳನ್ನು ನೋಡಿರಲಿಲ್ಲ. ಗಿರೀಶ ಟ್ರಕ್ ತರಲು ಹೋಗಿದ್ದ. ರಟ್ಟಿನ ಪೆಟ್ಟಿಗೆಗಳ ನಡುವೆ ಕೂರಲು ಜಾಗವಿರಲಿಲ್ಲ. ಒಂದರ ಮೇಲೆ ಕೂತಳು. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಸೆಟೆದು ನಿಂತೆ.

"ಆವತ್ತು ನನಗೆ ಜ್ವರ, ಪ್ರೋಗ್ರಾಮ್‌ಗೆ ಬಂದಿರ್ಲಿಲ್ಲ, ನೆನಪಿದ್ಯಾ?" ಎಂದಳು. "ಮನೇಲಿ ನನಗೂ ಅದೇ ಕತೆ ಹೇಳಿದ್ರು. ನಿಮ್ಮನೆಯವರು ಓಡಿಸ್ತಿದ್ರು ಅಂತ. ಅವರ ಹೆಗಲಿಗೆ ದಿನಾ ರಾತ್ರಿ ಎಣ್ಣೆ ಹಚ್ಚಿದೀನಿ ವಿಶಾಲಾ. ಹಚ್ತಾ ಹಚ್ತಾ ಗಿರೀಶರಿಗೆ ಶಾಪ ಹಾಕಿದೀನಿ. ನನ್ನ ಕೈಯಾರೆ ಅದೇ ಎಡ ಹೆಗಲು ಉಜ್ಜಿದೀನಿ, ಒಂದು ದಿನಾನೂ ಹೊಳೀಲಿಲ್ಲ."

ನೀರು ಕೊಡೋಣವೆಂದರೆ ಲೋಟಗಳೆಲ್ಲ ಪೆಟ್ಟಿಗೆ ಸೇರಿದ್ದವು.

"ಅವರು ಏನಂತಾರೆ ಈಗ?" ಎಂದು ಕೇಳಿದೆ.

"ಏನೂ ಇಲ್ಲ. ಅದರ ಮಾತೇ ಎತ್ತಲ್ಲ. ಎಲ್ಲ ಮರೆತಿರೋ ಹಾಗೆ ಇದಾರೆ." ಅವಳು ಎದ್ದು ಸೀರೆ ಕೊಡವಿಕೊಂಡಳು. "ಆ ಕಾರ್ಡ್ ಇನ್ನೂ ಇದೆಯಾ ನಿಮ್ಮ ಹತ್ರ? ನಮ್ಮನೇಲಿದ್ದಿದ್ದನ್ನ ಹರಿದು ಹಾಕಿದಾರೆ. ನನಗೊಂದು ಬೇಕಿತ್ತು. ಫ್ರಿಜ್ ಬಾಗಿಲಿಗೆ ಹಾಕ್ತೀನಿ. ಬೆಳಗ್ಗೆ ಕಾಫಿಗೆ ಹಾಲು ತೆಗೆಯೋದು ನಮ್ಮನೇಲಿ ಅವರೇ."

ಪುಸ್ತಕಗಳ ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು ಹುಡುಕಿ ಎರಡು ಕೊಟ್ಟೆ. ಇನ್ನೊಂದು ಯಾಕೆ ಎನ್ನುವಂತೆ ಅವಳು ನೋಡಿದಳು.

"ಕಾರಿಗೆ," ಎಂದೆ. "ಸ್ಟೀರಿಂಗ್ ಎದುರಿಗೇ ಅಂಟಿಸಿ."